ಬ್ರೆಡ್‌ಬೋರ್ಡಿನ ಮೇಲೊಂದು ಬೀದಿದೀಪ

9 ವೋಲ್ಟಿನ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಕೆಂಪು ಎಲ್‌ಇಡಿ, ಜೊತೆಗೆ ಬೆಳಕು ಬಿದ್ದಂತೆ ರೋಧ ಬದಲಿಸುವ ಒಂದು ಎಲ್‌ಡಿಆರ್. ಇಷ್ಟನ್ನು ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದರೆ ಕತ್ತಲಾದಾಗ ತಾನೇ ಹತ್ತುವ ಬೀದಿದೀಪದ ಮಾದರಿ ಸಿದ್ಧ. ಎಲ್‌ಡಿಆರ್ ಅನ್ನು ಬೆರಳಿನಿಂದ ಮುಚ್ಚಿದರೆ ದೀಪ ಹತ್ತುತ್ತದೆ, ಬೆರಳು ತೆಗೆದರೆ ಆರುತ್ತದೆ. ಶಾಲಾ ಮಕ್ಕಳ ಎಲೆಕ್ಟ್ರಾನಿಕ್ಸ್ ಕಲಿಕೆಗೆ ಇದಕ್ಕಿಂತ ಒಳ್ಳೆಯ ಆರಂಭ ಕಡಿಮೆ.

ಇಂಥ ಕೈಕೆಲಸಕ್ಕೆ ಶಾಲೆಯಲ್ಲೇ ಒಂದು ಜಾಗ ಬೇಕೆಂಬ ಉದ್ದೇಶದಿಂದ ಬಂದದ್ದು ಅಟಲ್ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭಿಸಿದ ಈ ಯೋಜನೆ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಇದೆ. ಆಯ್ಕೆಯಾದ ಶಾಲೆಗೆ ಸಿಗುವ ಅನುದಾನ 20 ಲಕ್ಷ ರೂಪಾಯಿವರೆಗೆ: ಲ್ಯಾಬ್ ಕಟ್ಟಿಕೊಳ್ಳಲು 10 ಲಕ್ಷ, ಐದು ವರ್ಷಗಳ ನಿರ್ವಹಣೆಗೆ ಇನ್ನು 10 ಲಕ್ಷ. ದೇಶದಲ್ಲಿ ಹತ್ತು ಸಾವಿರ ಶಾಲೆಗಳಿಗೆ ಇದು ತಲುಪಿದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್‌ಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿದೆ.

ಲ್ಯಾಬ್ ನೋಡಲು ಬಂದವರ ಕಣ್ಣು ಮೊದಲು ತ್ರೀಡಿ ಪ್ರಿಂಟರ್ ಮೇಲೆ ಬೀಳುತ್ತದೆ. ಕಲಿಕೆ ನಡೆಯುವುದು ಮಾತ್ರ ಬಿಡಿಭಾಗಗಳ ಡಬ್ಬಿಯ ಸುತ್ತ. ಬೀದಿದೀಪದ ಸರ್ಕಿಟ್‌ನಲ್ಲಿರುವ ಎರಡು ರೆಸಿಸ್ಟರ್‌ಗಳನ್ನೇ ನೋಡಿ. 470 ಓಮ್‌ನದರ ಪಟ್ಟಿಗಳು ಹಳದಿ, ನೇರಳೆ, ಕಂದು. 47 ಕಿಲೋಓಮ್‌ನದು ಹಳದಿ, ನೇರಳೆ, ಕಿತ್ತಳೆ. ಅವಸರದ ಕಣ್ಣಿಗೆ ಎರಡೂ ಒಂದೇ. ಅದಲುಬದಲಾದರೆ ಬೆಳಕಿದ್ದರೂ ಕತ್ತಲಾದರೂ ಎಲ್‌ಇಡಿ ಮಂಕಾಗಿ ಉರಿಯುತ್ತಲೇ ಇರುತ್ತದೆ. ಆಗ ಮಕ್ಕಳು ಬ್ಯಾಟರಿಯನ್ನು ಅನುಮಾನಿಸುತ್ತಾರೆ, ಟ್ರಾನ್ಸಿಸ್ಟರ್ ಬದಲಿಸುತ್ತಾರೆ. ಕೊನೆಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಭಾಗವನ್ನು ಅಳೆಯುತ್ತ ಬಂದಾಗ ತಪ್ಪು ಸಿಗುತ್ತದೆ. ಊಹಿಸು, ಅಳೆ, ಖಚಿತಪಡಿಸಿಕೊ: ವಿಜ್ಞಾನದ ಈ ಕ್ರಮವನ್ನು ಇಷ್ಟು ನೇರವಾಗಿ ಕಲಿಸುವ ಪಾಠ ಬೇರೆ ಯಾವುದಿದೆ?

ಓಮ್‌ನ ನಿಯಮ ಪಠ್ಯದಲ್ಲಿ ಬರುವುದು ಹತ್ತನೇ ತರಗತಿಗೆ; ಈ ಸರ್ಕಿಟ್‌ನಲ್ಲಿ ಅದು ಕೈಗೇ ಸಿಗುತ್ತದೆ. ಬ್ಯಾಟರಿಯ 9 ವೋಲ್ಟಿನಲ್ಲಿ ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿದದ್ದು 7. ಅದನ್ನು ಎಲ್‌ಇಡಿಯ ಜೊತೆ ಸರಣಿಯಲ್ಲಿರುವ ರೆಸಿಸ್ಟರ್‌ನ 470 ಓಮ್‌ನಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್. ರೆಸಿಸ್ಟರ್ ಇಲ್ಲದೆ ಎಲ್‌ಇಡಿ ಸುಟ್ಟುಕೊಂಡ ಮಗುವಿಗೆ ಈ ಲೆಕ್ಕವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಲ್ಲಿ ಶಿಕ್ಷಕರ ಪಾತ್ರ ದೊಡ್ಡದು. ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುವವರಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರೂ ಇದ್ದಾರೆ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರೂ ಇದ್ದಾರೆ. ಎರಡನೆಯವರಲ್ಲಿ ಹಲವರಿಗೆ ಸೋಲ್ಡರಿಂಗ್ ಐರನ್ ಹೊಸದು. ಅದು ಅಡ್ಡಿಯಾಗಬೇಕಿಲ್ಲ. ಮಕ್ಕಳ ಮುಂದೆ ಇಡುವ ಮುನ್ನ ಶಿಕ್ಷಕರು ತಾವೇ ಸರ್ಕಿಟ್ ಕಟ್ಟಿ, ಬೇಕೆಂದೇ ಕೆಡಿಸಿ, ಮತ್ತೆ ಸರಿಮಾಡಿ ನೋಡಬೇಕು. ಎಲ್‌ಇಡಿಯ ಎರಡೂ ಕಾಲುಗಳನ್ನು ಬ್ರೆಡ್‌ಬೋರ್ಡಿನಲ್ಲಿ ಒಳಗೊಳಗೇ ಸೇರಿರುವ ಐದು ರಂಧ್ರಗಳ ಒಂದೇ ಸಾಲಿನಲ್ಲಿ ಚುಚ್ಚಿದರೆ ದೀಪ ಹತ್ತುವುದಿಲ್ಲ ಎಂಬುದು ಕೈಯಾರೆ ಮಾಡಿದವರಿಗೆ ತಕ್ಷಣ ಹೊಳೆಯುತ್ತದೆ. ಅಂಥವರು ಮಗುವಿಗೆ ಉತ್ತರ ಹೇಳಿಬಿಡದೆ, ಎಲ್ಲಿ ಹುಡುಕಬೇಕೆಂದು ತೋರಿಸಬಲ್ಲರು.

ಅನುದಾನ ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲಿ ರೆಸಿಸ್ಟರ್, ಎಲ್‌ಇಡಿ, ಟ್ರಾನ್ಸಿಸ್ಟರ್‌ಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಕೆಟ್ಟ ರೇಡಿಯೊ, ಮುರಿದ ಆಟಿಕೆಗಳಿಂದಲೂ ಸ್ಪೀಕರ್, ಮೋಟಾರ್ ಬಿಚ್ಚಿಕೊಳ್ಳಬಹುದು. ಒಂದೇ ಕಟ್ಟುನಿಟ್ಟು: ಎಲ್ಲವೂ ಬ್ಯಾಟರಿಯಲ್ಲೇ ನಡೆಯಬೇಕು, ಗೋಡೆಯ 230 ವೋಲ್ಟ್ ಸಾಕೆಟ್ಟಿನ ಹತ್ತಿರ ಮಕ್ಕಳ ಪ್ರಯೋಗ ಸುಳಿಯಕೂಡದು.

ಹೊಸ ಲ್ಯಾಬ್‌ಗಳಿಗೆ ಉಪಕರಣ ಕೊಳ್ಳುವಷ್ಟೇ ಮುತುವರ್ಜಿಯಿಂದ ಶಿಕ್ಷಕರ ಕೈಗೆ ತರಬೇತಿ ಸಿಗಬೇಕು. ಸರ್ಕಿಟ್ ಕಟ್ಟಿ ರೂಢಿಯಿರುವ ಒಬ್ಬ ಮೇಷ್ಟ್ರು ಇದ್ದರೆ, ಬಿಡಿಭಾಗಗಳ ಒಂದು ಡಬ್ಬಿಯಿಂದಲೇ ಶಾಲೆಯಲ್ಲಿ ಲ್ಯಾಬ್ ಶುರುವಾಗುತ್ತದೆ.