ಗೆದ್ದ ಎತ್ತಿನ ಬೆಲೆ

ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಸೀಮೆಯಲ್ಲಿ ತೆರಬಂಡಿಯ ಕಣ ಗೆದ್ದ ಖಿಲಾರಿ ಎತ್ತಿಗೆ ಅಂದೇ ಗಿರಾಕಿ ಹುಟ್ಟುತ್ತಾನೆ. ದಲಾಲನು ವಲ್ಲಿಯ ಮರೆಯಲ್ಲಿ ಒಡೆಯನ ಬೆರಳು ಹಿಡಿದು ಬೆಲೆ ಸೂಚಿಸುತ್ತಾನೆ. ಸುತ್ತಲಿನವರಿಗೆ ಕಾಣುವುದು ಒಡೆಯನ ಮುಖವೊಂದೇ. ಕೊಡಬೇಕೋ, ಇಟ್ಟುಕೊಳ್ಳಬೇಕೋ?

ಅಮೆರಿಕದ ಪಂದ್ಯದ ಕುದುರೆ ಸೆಕ್ರೆಟೇರಿಯಟ್‌ನ ಒಡತಿ ಪೆನ್ನಿ ಚೆನರಿಗೂ ಇದೇ ಸಂಕಟ ಒದಗಿತ್ತು. ತಂದೆ ತೀರಿಕೊಂಡು ಆಸ್ತಿಯ ತೆರಿಗೆ ಮೇಲೆ ಬಿದ್ದಾಗ, 1973ರ ಫೆಬ್ರವರಿಯಲ್ಲಿ ಆಕೆ ಕುದುರೆಯ ಬೀಜದ ಹಕ್ಕನ್ನು 32 ಪಾಲು ಮಾಡಿದರು. ಪಾಲೊಂದಕ್ಕೆ 1,90,000 ಡಾಲರ್. ಕುದುರೆ ಓಡುತ್ತಲೇ ಇದ್ದು, ಜೂನಿನಲ್ಲಿ ಬೆಲ್ಮಾಂಟ್ ಪಂದ್ಯವನ್ನು 31 ಕುದುರೆಯುದ್ದದ ಅಂತರದಿಂದ ಗೆದ್ದಿತು.

ಬೀಜ ಒಡೆದ ಎತ್ತಿಗೆ ಈ ಎರಡನೆಯ ಬೆಲೆ ಎಲ್ಲಿಯದು? ಬಾಯಿಗೂಡಿದ ಮೇಲೆ, ಎಂದರೆ ಎಂಟು ಹಲ್ಲೂ ಬಂದ ಮೇಲೆ, ಕೆಲವೇ ವರ್ಷಗಳ ಓಟ, ಬಳಿಕ ನೇಗಿಲು. ಕಣವೇ ಮುಚ್ಚೀತೆಂಬ ಭಯವನ್ನೂ ರೈತ ಕಂಡವನೇ. 2014ರಲ್ಲಿ ಸುಪ್ರೀಂ ಕೋರ್ಟು ಬಂಡಿ ಓಟವನ್ನು ನಿಷೇಧಿಸಿತ್ತು. ಓಟಕ್ಕೆ ಅವಕಾಶವಿತ್ತ ರಾಜ್ಯದ ತಿದ್ದುಪಡಿಯನ್ನು ಅದು ಎತ್ತಿಹಿಡಿದದ್ದು 2023ರ ಮೇ ತಿಂಗಳಲ್ಲಿ.

ಬರಿಯ ಲೆಕ್ಕಕ್ಕೆ ಇಂದೇ ಮಾರುವುದು ಜಾಣತನ. ಆದರೆ ನೊಗಕ್ಕೆ ಎರಡು ಹೆಗಲು. ಉಳಿದ ಎತ್ತಿನ ಹೆಜ್ಜೆಗೆ ಹೊಂದುವ ಇನ್ನೊಂದನ್ನು ಅರಸಿ ಪಳಗಿಸುವಷ್ಟರಲ್ಲಿ ಒಂದು ಸುಗ್ಗಿ ಕಳೆದಿರುತ್ತದೆ. ಆದುದರಿಂದಲೇ ಬಲ್ಲ ಒಡೆಯನು ಕೊಟ್ಟರೆ ಜೋಡಿಯನ್ನೇ ಕೊಡುತ್ತಾನೆ. ಇಲ್ಲವೇ ವಲ್ಲಿಯೊಳಗಿನ ಕೈಯನ್ನು ಮೆಲ್ಲನೆ ಬಿಡಿಸಿಕೊಳ್ಳುತ್ತಾನೆ.