ಮೈಲುತುತ್ತಿನ ನೀಲಿಯೂ ಮದ್ದಿನ ಕಸುವೂ

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಕೆ ತೋಟಗಳಲ್ಲಿ ಮುಂಗಾರಿಗೆ ಮುನ್ನ ಕೊಳೆರೋಗಕ್ಕೆ ಮದ್ದು ಬಿಡುವ ಸಿದ್ಧತೆ ನಡೆಯುವಾಗ, ಬೋರ್ಡೋ ಮದ್ದಿನ ಕಸುವೆಲ್ಲ ಮೈಲುತುತ್ತಿನ ನೀಲಿಯಲ್ಲಿಯೇ ಇರುವುದೆಂದೂ, ಸುಣ್ಣವು ಕೇವಲ ಅಂಟಿಗಾಗಿ ಸೇರುವುದೆಂದೂ, ಆದುದರಿಂದ ಅದನ್ನು ತುಸು ಕಡಮೆ ಮಾಡಿದರೆ ಮದ್ದು ಇನ್ನಷ್ಟು ತೀಕ್ಷ್ಣವಾಗುವುದೆಂದೂ ಭಾವಿಸುವವರಿದ್ದಾರೆ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರತಕ್ಕ ಭೇದವನ್ನು ಗಮನಿಸದಿರುವುದೇ ಈ ಭಾವನೆಯ ಮೂಲ.

ಮೈಲುತುತ್ತು ತಾಮ್ರದ ಲವಣ. ಅದರ ತೂಕದ ಕಾಲುಭಾಗದಷ್ಟು ಮಾತ್ರ ತಾಮ್ರ. ಶೇಕಡಾ 36ರಷ್ಟು ಹರಳಿನೊಳಗೆ ಬಂಧಿತವಾದ ನೀರು. ಹರಳನ್ನು ಚೆನ್ನಾಗಿ ಕಾಸಿದರೆ ಆ ನೀರು ಆರಿ, ನೀಲಿಯೂ ಅಳಿದು, ಬಿಳಿಯ ಪುಡಿ ಉಳಿಯುವುದು. ತಾಮ್ರವಾದರೋ ಎಳ್ಳಷ್ಟೂ ಕಡಮೆಯಾಗದು. ಬಣ್ಣವು ಕಸುವಿನ ಅಳತೆಯಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ತುತ್ತಿನ ನೀರು ಆಮ್ಲಗುಣದ್ದು, ಸುಣ್ಣದ ನೀರು ಕ್ಷಾರಗುಣದ್ದು. ಇವೆರಡೂ ಕೂಡಿದಾಗ, ನೀರಿನಲ್ಲಿ ಕರಗದ ಹೊಸ ತಾಮ್ರಸಂಯುಕ್ತವೊಂದು ಅತಿ ಸೂಕ್ಷ್ಮ ಕಣಗಳಾಗಿ ಹುಟ್ಟಿ ತೇಲುತ್ತದೆ. ಇದನ್ನು ದ್ರಾವಣವೆನ್ನುವುದು ವಾಡಿಕೆಯ ಮಾತಷ್ಟೆ. ನಿಂತರೆ ಆ ಕಣಗಳು ತಳಕ್ಕಿಳಿಯುವುದರಿಂದ ಕದಡುತ್ತಲೇ ಇರಬೇಕು, ಮಾಡಿದ ದಿನವೇ ಬಿಟ್ಟು ಮುಗಿಸಬೇಕು. ಈ ಕರಗದ ಗುಣದಲ್ಲಿಯೇ ಮದ್ದಿನ ಮಹತ್ತ್ವವೆಲ್ಲ ಅಡಗಿದೆ: ಕಾಯಿಗಂಟಿದ ಪೊರೆಯು ತುಳುನಾಡಿನ ಜಡಿಮಳೆಯನ್ನು ತಾಳಿಕೊಂಡು, ತಾಮ್ರವನ್ನು ಲೇಶಲೇಶವಾಗಿ ಬಿಟ್ಟುಕೊಡುತ್ತ, ರೋಗಕಾರಕವಾದ ಫೈಟೊಫ್ತೊರಾದ ಬೀಜಕಣಗಳನ್ನು ಕೊಲ್ಲುತ್ತದೆ. ಸುಣ್ಣ ಸಾಲದೆ ಕರಗಿದ ರೂಪದಲ್ಲಿಯೇ ಉಳಿದ ತಾಮ್ರವು ಮಳೆಗೆ ತೊಳೆದುಹೋಗುವುದಲ್ಲದೆ, ಎಳೆಗಾಯಿ, ಹಿಂಗಾರಗಳನ್ನು ಸುಡುವುದೂ ಉಂಟು.

ಸುಣ್ಣ ಸಾಕಾಯಿತೇ ಎಂಬುದನ್ನರಿಯಲು ಪ್ರಯೋಗಶಾಲೆ ಬೇಡ. ಉಜ್ಜಿ ಹೊಳಪಿಸಿದ ಕಬ್ಬಿಣದ ಕತ್ತಿಯ ಅಲಗನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ, ಕಬ್ಬಿಣ ಕರಗಿ ಆ ಸ್ಥಾನದಲ್ಲಿ ತಾಮ್ರ ಕೂತಿತೆಂದರ್ಥ. ಲೇಪ ಬಾರದಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು. ಕಬ್ಬಿಣದ ಪಾತ್ರೆಯಲ್ಲಿ ಮದ್ದು ಮಾಡಬಾರದೆಂಬುದಕ್ಕೂ ಇದೇ ಕಾರಣ. 100 ಲೀಟರ್ ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ ಎಂಬ ಶೇಕಡಾ 1ರ ಪ್ರಮಾಣದಲ್ಲಿ ಸುಣ್ಣವು ತುತ್ತಿಗೆ ಸರಿಸಮನಾಗಿ ನಿಂತಿರುವುದು ಸುಮ್ಮನೆಯಲ್ಲ. ಆದರೆ ಸುಟ್ಟ ಸುಣ್ಣವು ಗಾಳಿಯ ತೇವವನ್ನೂ ಇಂಗಾಲಾಮ್ಲವನ್ನೂ ಹೀರಿ ಸತ್ತ್ವಗುಂದುವುದರಿಂದ, ಹಳೆಯ ಸುಣ್ಣದ ವಿಷಯದಲ್ಲಿ ತಕ್ಕಡಿಗಿಂತ ಕತ್ತಿಯ ಸಾಕ್ಷಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಸಾವಯವ ಕೃಷಿಯ ನಿಯಮಗಳು ಬೋರ್ಡೋವನ್ನು ಮಿತಿಯೊಳಗೆ ಒಪ್ಪುವುದರಿಂದ ಅದು ನಿರಪಾಯವೆಂಬ ಇನ್ನೊಂದು ನಂಬಿಕೆಯಿದೆ. ಆದರೆ ತಾಮ್ರವು ಮೂಲವಸ್ತುವಾದ ಕಾರಣ ಯಾವ ಸೂಕ್ಷ್ಮಜೀವಿಯೂ ಅದನ್ನು ಒಡೆದು ಇಲ್ಲವಾಗಿಸಲಾರದು. ವರ್ಷವರ್ಷವೂ ಗೊನೆಯಿಂದ ತೊಟ್ಟಿಕ್ಕಿದ್ದು ತೋಟದ ಮಣ್ಣಿನಲ್ಲಿ ಸಂಚಯವಾಗುತ್ತ ಹೋಗುತ್ತದೆ.