ಆಟೋರಿಕ್ಷಾದ ತಳಕ್ಕೆ ಪೆಟ್ಟು ಬಿದ್ದಾಗ

ಮಳವಳ್ಳಿಯಿಂದ ಮದ್ದೂರಿಗೆ ಬರುವ ದಾರಿಯಲ್ಲಿ, ಕಬ್ಬು ಸಾಗುವ ಕಾಲದಲ್ಲಿ, ತಾವು ಎಂದಾದರೂ ಆಟೋರಿಕ್ಷಾ ಹತ್ತಿದ್ದರೆ ಈ ಸದ್ದನ್ನು ಕೇಳಿಯೇ ಇರುತ್ತೀರಿ. ಎದುರಿಗೆ ಕಬ್ಬು ಹೇರಿದ ಲಾರಿ ಬರುತ್ತದೆ. ಆಟೋ ರಸ್ತೆಯ ಅಂಚಿಗೆ ಇಳಿಯುತ್ತದೆ. ಕಾಲಡಿಯಲ್ಲಿ ಏನೋ ಟಣ್ ಎಂದು ಬಡಿಯುತ್ತದೆ. ಬಹುಮಟ್ಟಿಗೆ ಅದರಿಂದ ಏನೂ ಕೆಡುವುದಿಲ್ಲ. ಕಳೆದ ವರ್ಷ ಮದುವೆಯೊಂದನ್ನು ಮುಗಿಸಿಕೊಂಡು ನಾನೂ ನನ್ನ ಮನೆಯವರೂ ಮಂಡ್ಯಕ್ಕೆ ಹಿಂದಿರುಗುತ್ತಿದ್ದಾಗ ಮಾತ್ರ ಕೆಟ್ಟಿತು. ಮೋರಿಯ ಕಲ್ಲು ತಗುಲಿ ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಚಾಲಕರು ಎಡಗೈಯ ಹಿಡಿಯನ್ನು ಮತ್ತೆ ಮತ್ತೆ ತಿರುಗಿಸತೊಡಗಿದರು. "ಮೂರಕ್ಕೆ ಹೋಯ್ತದೆ ಮೇಷ್ಟ್ರೇ, ಎರಡಕ್ಕೆ ಬರಾಕಿಲ್ಲ" ಎಂದರು.

ಹೇಗೋ ಮದ್ದೂರು ಮುಟ್ಟಿದೆವು. ಮೊದಲು ಸಿಕ್ಕಿದ ಅಂಗಡಿಯಲ್ಲಿ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, ಗೇರ್ ಬಾಕ್ಸನ್ನೇ ಬಿಚ್ಚಬೇಕು, ಮೂರು ದಿನ ಬಿಡಿ ಎಂದುಬಿಟ್ಟರು. ಚಾಲಕರ ಮುಖ ಸಣ್ಣಗಾಯಿತು. ಸಾಲದ ಕಂತು ಒಂದು ಕಡೆ. ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ಆರು ಮಕ್ಕಳನ್ನು ಶಾಲೆಗೆ ಮುಟ್ಟಿಸುವ ಹೊಣೆ ಮತ್ತೊಂದು ಕಡೆ.

ನಿಘಂಟಿನಲ್ಲಿ ಗೇರು ಎಂದರೆ ಮರ. ಆಟೋದ ಗೇರನ್ನು ಆ ದಿನದವರೆಗೆ ನಾನೂ ವಿಚಾರಿಸಿದವನಲ್ಲ. ಆದರೆ ಒಮ್ಮೆ ತಿಳಿದುಕೊಂಡರೆ ಅದು ಕಷ್ಟದ ವಿಷಯವೇನೂ ಅಲ್ಲ. ಎಂಜಿನೂ ಗೇರ್ ಬಾಕ್ಸೂ ತಾವು ಕುಳಿತುಕೊಳ್ಳುವ ಆಸನದ ಹಿಂದೆ ಕೆಳಗಿವೆ. ಅವುಗಳನ್ನು ಆಳುವ ಹಿಡಿ ಮುಂದಿದೆ. ಚಾಲಕರು ಕ್ಲಚ್ಚನ್ನು ಹಿಡಿದು ಹಿಡಿಯನ್ನು ತಿರುಗಿಸಿದಾಗ ಎರಡು ತಂತಿಗಳು, ಎಂದರೆ ಗೇರ್ ಕೇಬಲುಗಳು, ನೆಲದ ತಗಡಿನ ಕೆಳಗೆ ಹಾದು ಬಾಕ್ಸಿನ ಬಳಿಯ ಸಣ್ಣ ಸನ್ನೆಯನ್ನು ಎಳೆಯುತ್ತವೆ. ಗೇರು ಏರಿಸಲು ಒಂದು ತಂತಿ, ಇಳಿಸಲು ಇನ್ನೊಂದು. ಕ್ಲಚ್ಚಿನ ತಂತಿಯೂ ಹೀಗೆಯೇ ತಳದಲ್ಲಿ ಸಾಗುತ್ತದೆ. ಈ ಏರ್ಪಾಡು ಇಟಲಿಯದು. ಅಲ್ಲಿ 1946ರಲ್ಲಿ ವೆಸ್ಪಾ ಸ್ಕೂಟರೂ, 1948ರಲ್ಲಿ ಅದರ ಮೂರು ಚಕ್ರದ ತಂಗಿ ಆಪೆಯೂ ಹುಟ್ಟಿದವು. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುಹುಳು. ನಮ್ಮಲ್ಲಿ ಬಜಾಜ್ ಸಂಸ್ಥೆಗೆ ಎರಡು ಮತ್ತು ಮೂರು ಚಕ್ರದ ವಾಹನಗಳನ್ನು ತಯಾರಿಸಲು ಪರವಾನಗಿ ದೊರೆತದ್ದು 1959ರಲ್ಲಿ. ಈಚಿನ ವಿದ್ಯುತ್ ಆಟೋಗಳಲ್ಲಿ ಕೈಯಿಂದ ಹಾಕುವ ಗೇರಿಲ್ಲ. ಅವುಗಳ ಮಾತು ಬೇರೆ.

ಹಾಗಾದರೆ ತಳಕ್ಕೆ ಕಲ್ಲು ಬಡಿದಾಗ ಮೊದಲು ನೋಯುವುದು ಯಾವುದು? ದಪ್ಪ ಲೋಹದ ಬಾಕ್ಸೇ ಆಗಬೇಕೆಂದಿಲ್ಲ. ತೆರೆದ ತಳದಲ್ಲಿ ಹಾದುಹೋಗುವ ಈ ತಂತಿಗಳೂ, ಅವುಗಳನ್ನು ಹಿಡಿದಿರುವ ತಗಡಿನ ಕೊಕ್ಕೆಗಳೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಆದ್ದರಿಂದ ಬಾಕ್ಸನ್ನು ಬಿಚ್ಚುವ ಮಾತು ಕೊನೆಯದಾಗಿರಬೇಕು.

ಆದರೂ ಎಲ್ಲಕ್ಕಿಂತ ಮೊದಲು ಎಣ್ಣೆಯನ್ನು ನೋಡತಕ್ಕದ್ದು. ಗಾಡಿ ನಿಂತಿದ್ದ ಜಾಗದಲ್ಲಿ ಹೊಸ ಎಣ್ಣೆಯ ಮಚ್ಚೆ ಕಂಡರೆ ಚೇಂಬರು ಬಿರುಕು ಬಿಟ್ಟಿರಬಹುದು. ಆಗ ಎಂಜಿನನ್ನು ಚಾಲೂ ಮಾಡಲೇಬಾರದು. ಎಣ್ಣೆಯಿಲ್ಲದೆ ಓಡಿಸಿದರೆ ಹಲ್ಲುಚಕ್ರಗಳು ಉಳಿಯುವುದಿಲ್ಲ. ನೂಕಿಕೊಂಡೋ ಕಟ್ಟಿಕೊಂಡೋ ಒಯ್ಯಬೇಕು.

ಎಣ್ಣೆ ಸೋರದಿದ್ದರೆ ಉಳಿದದ್ದನ್ನು ಹಿಡಿಯೇ ಹೇಳುತ್ತದೆ. ಅದು ತಿರುಗಲು ಬಿಗಿಯಾಗಿದ್ದರೆ ತಂತಿಯ ಮೇಲಿನ ಕವಚ ಎಲ್ಲೋ ಜಜ್ಜಿದೆ. ಹಿಡಿ ಸಲೀಸಾಗಿ ತಿರುಗಿಯೂ ಗೇರು ಬದಲಾಗದಿದ್ದರೆ ತಂತಿ ಕಡಿದಿದೆ, ಇಲ್ಲವೇ ಕವಚದ ತುದಿ ತನ್ನ ನೆಲೆಯಿಂದ ಜಾರಿದೆ. ಏರುವಾಗ ಸರಿಯಾಗಿದ್ದು ಇಳಿಯುವಾಗ ಮಾತ್ರ ಕೈಕೊಟ್ಟರೆ ಮೊದಲು ಇಳಿಸುವ ತಂತಿಯನ್ನೇ ಶಂಕಿಸಬೇಕು. ಕ್ಲಚ್ಚನ್ನು ಪೂರ್ತಿ ಹಿಡಿದರೂ ಗಾಡಿ ಮೆಲ್ಲನೆ ಮುಂದಕ್ಕೆ ತೆವಳಿ, ಗೇರು ಕರಕರ ಎನ್ನುತ್ತಿದ್ದರೆ ತಪ್ಪು ಗೇರಿನದಲ್ಲ, ಕ್ಲಚ್ಚಿನ ತಂತಿಯದು. ಇಲ್ಲೊಂದು ಎಚ್ಚರ: ಎಂಜಿನ್ ನಿಲ್ಲಿಸಿ ಗೇರು ಹಾಕಿ ನೋಡುವಾಗ ಹಲ್ಲಿಗೆ ಹಲ್ಲು ಎದುರಾಗಿ ಗೇರು ಬೀಳದಿರುವುದು ಸಹಜ. ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಅಲುಗಿಸುತ್ತ ಹಾಕಿದರೆ ಬೀಳುತ್ತದೆ. ಇದನ್ನೇ ದೋಷವೆಂದು ಬಗೆದು ಕಾಸು ಕಳೆದುಕೊಂಡವರುಂಟು.

ಆಟೋವನ್ನು ನಾಲ್ಕು ಜನ ಸೇರಿ ಪಕ್ಕಕ್ಕೆ ಮಗುಚಿ ತಳವನ್ನು ನೋಡುವ ರೂಢಿ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಪೆಟ್ರೋಲೂ ಬ್ಯಾಟರಿಯ ಆಮ್ಲವೂ ಚೆಲ್ಲುತ್ತವೆ. ಹತ್ತಿರದಲ್ಲಿ ಯಾರೋ ಬೀಡಿ ಹಚ್ಚಿರುತ್ತಾರೆ. ಗ್ಯಾಸಿನ ಗಾಡಿಯಾದರೆ ಹೇಳುವುದೇ ಬೇಡ. ಸಮನೆಲದಲ್ಲಿ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗಟ್ಟಿಯಾದ ಆಧಾರದ ಮೇಲೆ ಎತ್ತಿ ನಿಲ್ಲಿಸಿಕೊಂಡು ನೋಡುವುದೇ ಸರಿ. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳಬಾರದು.

ಮದ್ದೂರಿನ ಮತ್ತೊಂದು ಬೀದಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕಿದರು. ಅವರು ಹೀಗೆಯೇ ಮಾಡಿದರು. ಮೊದಲು ಚೇಂಬರಿನ ಅಡಿಯಲ್ಲಿ ಬೆರಳಾಡಿಸಿ ಒಣಗಿರುವುದನ್ನು ಕಂಡುಕೊಂಡರು. ಬಳಿಕ ತಂತಿಗಳನ್ನು ಸನ್ನೆಯಿಂದ ಕಳಚಿ, ಸನ್ನೆಯನ್ನು ಕೈಯಿಂದಲೇ ಆಡಿಸಿದರು. ಗಾಡಿಯನ್ನು ಅಲುಗಿಸಿದಂತೆಲ್ಲ ಗೇರುಗಳು ಒಂದೊಂದಾಗಿ ಬಿದ್ದವು. ಅಲ್ಲಿಗೆ ಬಾಕ್ಸು ನಿರಪರಾಧಿಯೆಂದು ತೀರ್ಮಾನವಾಯಿತು. ಇಳಿಸುವ ತಂತಿಯ ಕೊಕ್ಕೆ ಬಾಗಿ, ಕವಚ ನೆಲೆತಪ್ಪಿತ್ತು. ಹಿಡಿಯ ಎಳೆತವೆಲ್ಲ ಆ ಸಡಿಲದಲ್ಲಿಯೇ ಕಳೆದುಹೋಗುತ್ತಿತ್ತು. ತಂತಿಯ ಎಳೆಗಳೂ ಎರಡು ಮೂರು ಕಡಿದಿದ್ದರಿಂದ ಹೊಸದನ್ನೇ ಹಾಕಿದರು. ಬಾಕ್ಸನ್ನೂ ಹಿಡಿಯನ್ನೂ ನ್ಯೂಟ್ರಲ್ಲಿಗೆ ತಂದು, ಎರಡು ತಂತಿಗಳ ಸಡಿಲವನ್ನೂ ಸಮವಾಗಿ ತೆಗೆದು ತಿರುಪು ಬಿಗಿದರು. ಕೂಲಿಯೂ ಸೇರಿ ಐನೂರು ರೂಪಾಯಿ ಮುಟ್ಟಲಿಲ್ಲ.

ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಹಾದಿಗೆ 2023ರ ಆಗಸ್ಟ್ 1ರಿಂದ ಆಟೋಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆ ಹಿಡಿದು, ಪ್ರತಿ ಹಂಪಿಗೂ ಮೂರರಿಂದ ಎರಡಕ್ಕೆ ಇಳಿಸುತ್ತ, ದೀಪ ಹಚ್ಚುವ ಹೊತ್ತಿಗೆ ಮಂಡ್ಯ ಸೇರಿದೆವು. ಸೋಮವಾರ ಮಕ್ಕಳು ಎಂದಿನಂತೆಯೇ ಶಾಲೆಗೆ ಹೋದರು.